ಕೆರೆ ಬತ್ತಿದ್ದಕ್ಕೆ ಅತ್ತಿ ಮರದ ಮೇಲೆ ದೂರು ಬೇಡ: ಪಂಚಾಯಿತಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು, ಎಲ್ಲ ಸದಸ್ಯರು ಮತ್ತು ಪಿಡಿಒ ಅವರಿಗೆ,
ನಮ್ಮ ಗ್ರಾಮ ಪಂಚಾಯಿತಿ, ಕೊಡಗು ಜಿಲ್ಲೆ.

ವಿಷಯ: ಊರ ಕೆರೆಯ ದಡದ ಮರಗಳನ್ನು ಕಡಿದು ಕಾಂಕ್ರೀಟ್ ಹಾಕುವ ತೀರ್ಮಾನವನ್ನು ಮತ್ತೊಮ್ಮೆ ಯೋಚಿಸುವ ಬಗ್ಗೆ.

ಮಾನ್ಯರೇ,

ಪಂಚಾಯಿತಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಓದಿದ ಕೂಡಲೇ ಇದು ಯಾವ ಊರು ಅಂತ ನಿಮಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಬೇರೆ ಊರಿನವರು ಓದಿದರೆ ಅವರಿಗೆ ತಮ್ಮದೇ ಕೆರೆ ನೆನಪಾಗಬಹುದು. ನಾಪೋಕ್ಲು ಕಡೆ ಹೋಗಿ, ಸೋಮವಾರಪೇಟೆ ಕಡೆ ಹೋಗಿ, ಕೆರೆ ಅಭಿವೃದ್ಧಿ ಅಂದರೆ ಮರ ತೆಗೆಯೋದು, ಗೋಡೆ ಕಟ್ಟೋದು, ಇಂಟರ್‌ಲಾಕ್ ಹಾಸಿ ಬೆಂಚು ಇಡೋದು ಅಂತ ತಿಳಿದುಕೊಂಡವರು ಎಲ್ಲ ಕಡೆ ಸಿಗುತ್ತಾರೆ. ಅದಕ್ಕೇ ಇದನ್ನು ಅರ್ಜಿಯಾಗಿ ಕೊಟ್ಟು ಸೀಲು ಹಾಕಿಸಿಕೊಳ್ಳುವ ಬದಲು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಳೆದ ಗ್ರಾಮಸಭೆಯಲ್ಲಿ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕೆರೆ ಮೊದಲಿನ ಹಾಗೆ ಏಪ್ರಿಲ್‌ವರೆಗೆ ಬರುತ್ತಿಲ್ಲ, ಫೆಬ್ರವರಿ ಮುಗಿಯುವಾಗಲೇ ತಳ ಕಾಣುತ್ತದೆ ಎಂಬ ದೂರು ಬಂತು. ದೂರು ನಿಜ. ನನ್ನ ಗದ್ದೆ ಆ ಕೆರೆಯ ಕೆಳಗೇ ಇದೆ, ನಾನೂ ನೋಡುತ್ತಿದ್ದೇನೆ. ಅದಕ್ಕೆ ಸಿಕ್ಕಿದ ಉತ್ತರ ಮಾತ್ರ ವಿಚಿತ್ರವಾಗಿತ್ತು. ಕೆರೆ ದಡದಲ್ಲಿ ಹನ್ನೊಂದು ದೊಡ್ಡ ಮರಗಳಿವೆ. ಅತ್ತಿ, ನೇರಳೆ, ಹೊಳೆಮತ್ತಿ, ಮೂಲೆಯಲ್ಲಿ ಆ ಹಳೇ ಗೋಣಿ ಮರ. "ಇವೇ ನೀರು ಕುಡಿದು ಕೆರೆ ಖಾಲಿ ಮಾಡ್ತಿರೋದು" ಅಂತ ಯಾರೋ ಹೇಳಿದರು. ಸಭೆ ತಲೆಯಾಡಿಸಿತು. ಹತ್ತು ನಿಮಿಷದೊಳಗೆ ಮರ ತೆಗೆಸುವುದು, ಮೂರು ಬದಿಗೆ ಕಾಂಕ್ರೀಟ್ ಗೋಡೆ ಕಟ್ಟುವುದು ಅಂತ ಬರೆದುಕೊಂಡದ್ದೂ ಆಯಿತು. ನಾನು ಕೈ ಎತ್ತಿದ್ದೆ. ಆಗಲೇ ಬೀದಿ ದೀಪದ ವಿಷಯ ಶುರುವಾಗಿತ್ತು.

ಅಂದು ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

ಮರ ನೀರು ಕುಡಿಯುತ್ತದೆ. ಇದರಲ್ಲಿ ಜಗಳ ಇಲ್ಲ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ ಸೂರ್ಯಕಾಂತಿ ಗಿಡವನ್ನು ಕುಂಡದಲ್ಲಿ ಬೆಳೆಸಿ, ದಿನಾ ತೂಕ ಹಾಕಿ, ಗಿಡದಿಂದ ಎಷ್ಟು ನೀರು ಗಾಳಿಗೆ ಹೋಗುತ್ತದೆ ಅಂತ ಲೆಕ್ಕ ಮಾಡಿದ್ದ. ಅದನ್ನು ಆತ ಪ್ರಕಟಿಸಿದ್ದು 1727ರಲ್ಲಿ. ಬೇರು ಎಳೆದುಕೊಂಡ ನೂರು ಲೀಟರ್ ನೀರಿನಲ್ಲಿ ಮರ ತನ್ನ ಮೈಗೆ ಅಂತ ಇಟ್ಟುಕೊಳ್ಳುವುದು ಎರಡೋ ಮೂರೋ ಲೀಟರ್. ಉಳಿದದ್ದೆಲ್ಲ ಎಲೆಯಿಂದ ಆವಿಯಾಗಿ ಹೋಗುತ್ತದೆ. ಬಯಲುಸೀಮೆಯಲ್ಲಿ ನೀಲಗಿರಿ ತೋಪು ಹಾಕಿ ಅಂತರ್ಜಲ ಇಳಿಯಿತು ಎಂಬ ಕೂಗು ಎದ್ದು, 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಹಾಗಾಗಿ ಸಭೆಯಲ್ಲಿ ಆ ಮಾತು ಆಡಿದವರು ಸುಮ್ನೆ ಆಡಿದ್ದಲ್ಲ. ಆದರೆ ಮಳೆ ಕಡಿಮೆ ಇರುವ ಬಯಲಿನಲ್ಲಿ ಒತ್ತಾಗಿ ನೆಟ್ಟ ನೀಲಗಿರಿಯ ಲೆಕ್ಕವನ್ನು ನೂರು ಇಂಚು ಮಳೆ ಬೀಳುವ ಊರಿನ ಅತ್ತಿ ಮರಕ್ಕೆ ಹಚ್ಚಿದರೆ ತಪ್ಪಾಗುತ್ತದೆ. ಎಷ್ಟು ಕುಡಿಯುತ್ತದೆ, ಯಾವಾಗ ಕುಡಿಯುತ್ತದೆ, ಬದಲಿಗೆ ಏನು ಮಾಡುತ್ತದೆ, ಈ ಮೂರನ್ನೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ.

ಮರ ನೀರು ಎತ್ತುವುದು ಹೇಗೆ ಎಂಬುದನ್ನು ನಮ್ಮ ಕಡೆಯವರಿಗೆ ಮೋಟಾರ್ ಇಟ್ಟು ಹೇಳಿದರೆ ಬೇಗ ಅರ್ಥವಾಗುತ್ತದೆ. ಕೆರೆ ದಡದಲ್ಲಿ ಪಂಪ್ ಇಟ್ಟವರಿಗೆಲ್ಲ ಗೊತ್ತು, ಸಕ್ಷನ್ ಪೈಪು ಇಪ್ಪತ್ತೈದು ಅಡಿ ಮೀರಿದರೆ ಮೋಟಾರ್ ಒದ್ದಾಡುತ್ತದೆ. ಎಷ್ಟೇ ಒಳ್ಳೆಯ ಪಂಪ್ ತಂದರೂ ಮೂವತ್ನಾಲ್ಕು ಅಡಿಗಿಂತ ಮೇಲೆ ನೀರನ್ನು ಹೀರಿ ಎತ್ತಲು ಆಗುವುದೇ ಇಲ್ಲ, ಏಕೆಂದರೆ ಆ ಕೆಲಸ ಮಾಡುವುದು ಹೊರಗಿನ ಗಾಳಿಯ ಒತ್ತಡ, ಅದರ ಶಕ್ತಿ ಅಷ್ಟೇ. ಹಾಗಾದರೆ ನೂರು ಅಡಿಯ ಮರ, ಮೋಟಾರಿಲ್ಲದೆ, ಕರೆಂಟಿಲ್ಲದೆ, ಸದ್ದೂ ಇಲ್ಲದೆ ತುದಿಯ ಎಲೆಗೆ ನೀರು ಮುಟ್ಟಿಸುವುದು ಹೇಗೆ? ಈ ಪ್ರಶ್ನೆಗೆ ಗಟ್ಟಿಯಾದ ಉತ್ತರ ಕೊಟ್ಟವರು ಐರ್ಲೆಂಡಿನ ಡಿಕ್ಸನ್ ಮತ್ತು ಜೋಲಿ, 1894ರಲ್ಲಿ. ಮರದೊಳಗೆ ಕ್ಸೈಲಂ ಎಂಬ ಸಣ್ಣ ಸಣ್ಣ ಕೊಳವೆಗಳಿವೆ. ಸತ್ತ ಜೀವಕೋಶಗಳ ಗೋಡೆ ಮಾತ್ರ ಉಳಿದು ಆದ ಕೊಳವೆಗಳು ಅವು. ಬೇರಿನ ತುದಿಯಿಂದ ಎಲೆಯವರೆಗೆ ಅದರಲ್ಲಿ ನೀರಿನ ಎಳೆ ಎಲ್ಲೂ ತುಂಡಾಗದೆ ನಿಂತಿರುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಎಲೆಯಿಂದ ಒಂದಿಷ್ಟು ಆವಿಯಾಗಿ ಹೋದರೆ ಹಿಂದಿನದನ್ನು ಎಳೆಯುತ್ತದೆ, ಅದು ಅದರ ಹಿಂದಿನದನ್ನು, ಹೀಗೆ ಎಳೆತ ಬೇರಿನವರೆಗೆ ಇಳಿಯುತ್ತದೆ. ಬಿಸಿಲೇ ಇದಕ್ಕೆ ಕರೆಂಟು.

ಪೈಪಿಗೆ ಏರ್ ಹಿಡಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಮರಕ್ಕೂ ಏರ್ ಹಿಡಿಯುತ್ತದೆ. ನೆಲ ತೀರಾ ಒಣಗಿ, ಮೇಲಿನಿಂದ ಎಳೆತ ಜಾಸ್ತಿಯಾದರೆ ಆ ಎಳೆ ಕಡಿದು ಗುಳ್ಳೆ ಸೇರಿಕೊಳ್ಳುತ್ತದೆ. ಆ ಕೊಳವೆ ಕೆಲಸ ಬಿಡುತ್ತದೆ. ಅಂಥವು ಜಾಸ್ತಿಯಾದರೆ ರೆಂಬೆ ಒಣಗುತ್ತದೆ. ಅದಕ್ಕೇ ಮರ ಸಿಕ್ಕಾಪಟ್ಟೆ ಕುಡಿಯುವ ಧೈರ್ಯ ಮಾಡುವುದಿಲ್ಲ. ಎಲೆಯಲ್ಲಿ ಕಣ್ಣಿಗೆ ಕಾಣದ ಬಾಯಿಗಳಿವೆ, ಶಾಲೆಯ ಪುಸ್ತಕದಲ್ಲಿ ಪತ್ರರಂಧ್ರ ಅಂತ ಓದಿರುತ್ತೀರಿ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳಲು ಅವು ತೆರೆಯಲೇಬೇಕು. ತೆರೆದರೆ ನೀರು ಹೋಗುತ್ತದೆ. ಮಾರ್ಚ್ ಮಧ್ಯಾಹ್ನದ ಬಿಸಿಲಿಗೆ ಬೇರಿನಿಂದ ಬರುವುದಕ್ಕಿಂತ ಹೋಗುವುದು ಜಾಸ್ತಿಯಾದರೆ ಬಹಳಷ್ಟು ಗಿಡಮರಗಳು ಬಾಯಿ ಮುಚ್ಚಿಕೊಳ್ಳುತ್ತವೆ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಮ್ಮ ಮಳೆಗಾಲದಲ್ಲಿ, ಗಾಳಿಯೇ ನೀರು ತುಂಬಿಕೊಂಡು ನಿಂತಿರುತ್ತದೆ. ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಅಲ್ವಾ? ಬಟ್ಟೆಯಿಂದ ಹೋಗದ ನೀರು ಎಲೆಯಿಂದಲೂ ಅಷ್ಟಾಗಿ ಹೋಗುವುದಿಲ್ಲ. ಕೆರೆ ತುಂಬುವ ಕಾಲದಲ್ಲಿ ಈ ಮರಗಳು ಕುಡಿಯುವುದು ಬಹಳ ಕಡಿಮೆ.

ಆ ದಿನಗಳಲ್ಲಿ ಬೆಳಿಗ್ಗೆ ಕೆಸದ ಎಲೆಯ ತುದಿ ನೋಡಿ. ಹನಿ ನಿಂತಿರುತ್ತದೆ, ಬಿದ್ದರೆ ಇನ್ನೊಂದು ಹನಿ ಬರುತ್ತದೆ. ಎಲ್ಲರೂ ಇಬ್ಬನಿ ಅನ್ನುತ್ತಾರೆ. ಎಲೆಯಿಂದ ಆವಿ ಹೋಗದೆ ಇರುವಾಗ ಬೇರು ಕೆಳಗಿನಿಂದ ಒತ್ತಿದ ನೀರು ಅದು. ಬಾಳೆ ಕಡಿದ ಬುಡದಲ್ಲಿ ರಾತ್ರಿ ಕಳೆದು ನೀರು ತುಂಬಿಕೊಳ್ಳುವುದೂ ಇದೇ ಕಾರಣಕ್ಕೆ. ಈ ಒತ್ತಡ ಕೆಸವನ್ನು, ಬಾಳೆಯನ್ನು ನೋಡಿಕೊಳ್ಳಬಲ್ಲದು, ಗೋಣಿ ಮರವನ್ನು ನೋಡಿಕೊಳ್ಳಲು ಸಾಲದು. ಈ ಮಾತು ಕೆರೆಗೆ ನೇರವಾಗಿ ಸಂಬಂಧಿಸಿದ್ದಲ್ಲ, ಆದರೂ ನಮ್ಮ ಮನೆ ಹಿಂದೆಯೇ ನಡೆಯುವುದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ.

ಈಗ ಲೆಕ್ಕ. ನಾವು ಮಳೆಯನ್ನು ಇಂಚಿನಲ್ಲಿ ಹೇಳುವವರು, ಹಾಗೇ ಹೇಳುತ್ತೇನೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ ನೀರು. ನೂರು ಇಂಚು ಅಂದರೆ ಎಕರೆಗೆ ಒಂದು ಕೋಟಿ ಲೀಟರ್. ನಮ್ಮ ಕೆರೆಗೆ ನೀರು ಕೊಡುವ ಮೇಲಿನ ಬಾಣೆ (ಗದ್ದೆಯ ಮೇಲಿನ ಕಾಡುಗುಡ್ಡ), ತೋಟ ಎಲ್ಲ ಸೇರಿ ಇಪ್ಪತ್ತು ಎಕರೆ ಅಂತ ಇಟ್ಟುಕೊಳ್ಳೋಣ. ಇಪ್ಪತ್ತು ಕೋಟಿ ಲೀಟರ್ ಆಯಿತು. ದಡದ ಹನ್ನೊಂದು ಮರಗಳು ಒಂದೊಂದೂ ದಿನಕ್ಕೆ ಮುನ್ನೂರು ಲೀಟರ್ ಕುಡಿಯುತ್ತವೆ ಅಂತ ಧಾರಾಳವಾಗಿಯೇ ಹಿಡಿಯೋಣ. ಮಳೆಗಾಲವನ್ನೂ ಬಿಡದೆ ವರ್ಷವಿಡೀ ಕುಡಿದರೂ ಹನ್ನೆರಡು ಲಕ್ಷ ಲೀಟರ್. ಇಪ್ಪತ್ತು ಕೋಟಿಯಲ್ಲಿ ಹನ್ನೆರಡು ಲಕ್ಷ ಅಂದರೆ ನೂರಕ್ಕೆ ಒಂದು ಪಾಲೂ ಇಲ್ಲ.

ಬೇಸಗೆಯ ಲೆಕ್ಕ ಬೇರೆ ಅಂತ ನೀವು ಹೇಳಬಹುದು. ಸರಿ, ಅದನ್ನೂ ಮಾಡೋಣ. ಮಾರ್ಚ್‌ನಲ್ಲಿ ಈ ಮರಗಳು ದಿನಕ್ಕೆ ಎಲ್ಲ ಸೇರಿ ಮೂರು ಸಾವಿರದ ಮುನ್ನೂರು ಲೀಟರ್ ಕುಡಿಯುತ್ತವೆ, ಅದೂ ಎಲ್ಲ ಕೆರೆಯಿಂದಲೇ ಅಂತ ಇಟ್ಟುಕೊಳ್ಳೋಣ. ಅರ್ಧ ಎಕರೆಯ ಕೆರೆ ಬಿಸಿಲಿಗೆ ಬಿಟ್ಟಿದ್ದರೆ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಆವಿಯಾಗುತ್ತದೆ. ಎಂಟರಿಂದ ಹತ್ತು ಸಾವಿರ ಲೀಟರ್ ಆಯಿತು. ದಡದ ಮರ ಇಡೀ ಕೆರೆಗೆ ನೆರಳು ಕೊಡುವುದಿಲ್ಲ, ಒಪ್ಪುತ್ತೇನೆ. ಆದರೆ ಅಂಚಿನ ನೀರಿಗೆ ನೆರಳು ಕೊಡುತ್ತದೆ, ನೀರಿನ ಮೇಲೆ ಬೀಸುವ ಒಣಗಾಳಿಯನ್ನು ತಡೆಯುತ್ತದೆ. ಮರ ತೆಗೆದರೆ ಬಿಸಿಲು ಕುಡಿಯುವುದು ಜಾಸ್ತಿಯಾಗುತ್ತದೆ.

ಇನ್ನೊಬ್ಬ ಕುಡಿಯುವವನ ಹೆಸರು ಸಭೆಯಲ್ಲಿ ಬರಲೇ ಇಲ್ಲ. ರೊಬಸ್ಟಾ ಕಾಫಿಗೆ ಹೂಮಳೆ, ಅಂದರೆ ಹೂ ಅರಳಿಸುವ ಬೇಸಗೆಯ ಮಳೆ, ಕೈಕೊಟ್ಟರೆ ಸ್ಪ್ರಿಂಕ್ಲರ್ ಹೊಡೆಯುತ್ತೇವೆ. ಕಾಫಿಯ ಮೊಗ್ಗಿನ ಸ್ವಭಾವವೇ ಹಾಗೆ. ಒಣಗಿನಲ್ಲಿ ಕಾದು ಕೂತಿರುತ್ತದೆ, ಒಳ್ಳೆಯ ಒಂದು ಮಳೆ ಬಿದ್ದರೆ ನೀರು ಎಳೆದುಕೊಂಡು ಉಬ್ಬಿ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಅರೆಬರೆ ಮಳೆಯಾದರೆ ಹೂ ಸರಿಯಾಗಿ ಬಿಡಿಸಿಕೊಳ್ಳದೆ ಹಾಳು. ಅದಕ್ಕೆ ಒಂದೂವರೆ ಇಂಚು ಹೊಡೆಯಬೇಕು. ಎಕರೆಗೆ ಒಂದೂವರೆ ಲಕ್ಷ ಲೀಟರ್. ಅಷ್ಟು ನೀರನ್ನು ಆ ಹನ್ನೊಂದು ಮರಗಳು ಕುಡಿಯಲು ಒಂದೂವರೆ ತಿಂಗಳು ಬೇಕು. ಫೆಬ್ರವರಿಯಲ್ಲಿ ಊರ ಕೆರೆಗೆ ಮೋಟಾರ್ ಪೈಪಿನ ಎಷ್ಟು ಫುಟ್‌ವಾಲ್ವ್ ಇಳಿದಿರುತ್ತವೆ ಅಂತ ಸಂಜೆ ಒಮ್ಮೆ ದಡದಲ್ಲಿ ನಡೆದು ಎಣಿಸಿ. ನಾನೂ ಬೆಳೆಗಾರ, ನನಗೂ ಹೂ ಬೇಕು, ಹೊಡೆಯಲೇಬಾರದು ಅನ್ನುವ ಬಾಯಿ ನನಗಿಲ್ಲ. ಯಾರು, ಯಾವಾಗ, ಎಷ್ಟು ಗಂಟೆ ಎಂಬ ಲೆಕ್ಕ ಇರಲಿ ಅಂತ ಮಾತ್ರ ಕೇಳುತ್ತೇನೆ. ಮೋಟಾರ್ ಇಟ್ಟವರಿಗೆ ಓಟಿದೆ, ಅತ್ತಿ ಮರಕ್ಕಿಲ್ಲ. ಹಾಗಾಗಿ ದೂರು ಅತ್ತಿ ಮರದ ಮೇಲೆ ಬಂತು ಅಂತ ನನ್ನ ಅನುಮಾನ. ಕಟುವಾಯಿತು ಅನಿಸಿದರೆ ಕ್ಷಮಿಸಿ, ಆದರೆ ಹಿಂತೆಗೆದುಕೊಳ್ಳುವುದಿಲ್ಲ.

ಕಾಂಕ್ರೀಟಿನ ವಿಷಯ ಇನ್ನೂ ಗಂಭೀರ. ನಮ್ಮದು ಹೊಳೆಯಿಂದ ಕಾಲುವೆ ತಂದು ತುಂಬಿಸುವ ಕೆರೆ ಅಲ್ಲ. ಒರತೆ ಕೆರೆ. ಮೇಲಿನ ಬಾಣೆಯಲ್ಲಿ ಇಂಗಿದ ನೀರು ಮಣ್ಣಿನೊಳಗೇ ನಿಧಾನವಾಗಿ ಇಳಿದು, ಕೆರೆಯ ಬದಿಯಿಂದ ಒಸರುತ್ತದೆ. ಮೂಡು ಬದಿಯ ದಡ ಜನವರಿಯಲ್ಲೂ ಹಸಿಯಾಗಿರುವುದನ್ನು, ಅಲ್ಲಿ ಜರಿಗಿಡ ಒಣಗದೇ ಇರುವುದನ್ನು ನೋಡಿದ್ದೀರಿ. ನೀರು ಬರುವ ಬಾಗಿಲೇ ಅದು. ಅಲ್ಲಿಗೇ ಗೋಡೆ ಬರುತ್ತದೆ ಅಂತ ನಕ್ಷೆಯಲ್ಲಿದೆ. ಗೋಡೆ ಕಟ್ಟಿದರೆ ಒರತೆ ಕೆರೆಗೆ ಬರಲಾರದು, ಪಕ್ಕಕ್ಕೆ ತಿರುಗಿ ಬೇರೆಲ್ಲೋ ಹೊರಡುತ್ತದೆ, ಇಲ್ಲವೇ ಗೋಡೆಯ ಹಿಂದೆ ಕಟ್ಟಿಕೊಂಡು ಒಂದು ಆಗಸ್ಟ್‌ನಲ್ಲಿ ಗೋಡೆಯನ್ನೇ ತಳ್ಳಿ ಕೆಡವುತ್ತದೆ. ನೀರು ಹೋಗಲು ಕಂಡಿ ಬಿಡದ ತಡೆಗೋಡೆಗಳು ಹೊಟ್ಟೆ ಬಿಟ್ಟುಕೊಂಡು ನಿಂತದ್ದನ್ನು ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಹುಡುಕಬೇಕಾಗಿಲ್ಲ. ಬಾವಿ ತೋಡುವ ಹಿರಿಯರು ಅತ್ತಿ ಮರ ನೋಡಿ ಜಾಗ ಹೇಳುತ್ತಿದ್ದರು. ಅತ್ತಿ ಅಲ್ಲಿ ಬೆಳೆದದ್ದೇ ನೀರು ಮೇಲಿದೆ ಅಂತ. ಆ ಗುರುತನ್ನೇ ಈಗ ಅಪರಾಧಿ ಮಾಡಿದ್ದೇವೆ.

ಕೆರೆ ಬೇಗ ಬತ್ತುವುದಕ್ಕೆ ಇನ್ನೊಂದು ದೊಡ್ಡ ಕಾರಣ ಕೆರೆಯ ಹತ್ತಿರ ಇಲ್ಲ, ಮೇಲೆ ಕೊಲ್ಲಿಯ (ಗುಡ್ಡದಿಂದ ಇಳಿಯುವ ತೊರೆಯ) ತಲೆಯಲ್ಲಿದೆ. ಹೋಂಸ್ಟೇಗೆ ಹೋಗಲು ಅಂತ ಆ ಬಾಣೆಯ ಬುಡ ಕಡಿದು ರಸ್ತೆ ಮಾಡಿದರು. ಜೆಸಿಬಿ ಹತ್ತಿದ ವರ್ಷದ ಮಳೆಗೇ ಕೊಲ್ಲಿಯ ನೀರು ಕೆಂಪಾಯಿತು. ಮುಂದಿನ ಜುಲೈಯಲ್ಲಿ ಬರೆ, ಅಂದರೆ ಆ ಕಡಿದ ಇಳಿಜಾರು, ಜರಿದು ಅರ್ಧ ಮಣ್ಣು ರಸ್ತೆಗೆ, ಇನ್ನರ್ಧ ಕೊಲ್ಲಿಗೆ ಬಿತ್ತು. ಆ ಮಣ್ಣು ಈಗ ನಮ್ಮ ಕೆರೆಯ ತಳದಲ್ಲಿದೆ. ಹೂಳು ತುಂಬಿ ಕೆರೆ ಹಿಡಿಯುವ ನೀರೇ ಕಡಿಮೆಯಾಗಿದೆ. ಮೊದಲು ಆ ಕೊಲ್ಲಿ ಜನವರಿಯವರೆಗೆ ಹರಿಯುತ್ತಿತ್ತು. ಈಗ ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬ ಮುಗಿಯುವಷ್ಟರಲ್ಲಿ ನಿಲ್ಲುತ್ತದೆ. ಮಳೆ ಬಂದ ಕೂಡಲೇ ತುಂಬಿ ಬಂದು, ಎರಡೇ ದಿನಕ್ಕೆ ಇಳಿದುಬಿಡುತ್ತದೆ.

ಮರ ಇರುವ ನೆಲದಲ್ಲಿ ಹೀಗಾಗುವುದಿಲ್ಲ ಏಕೆ ಅಂತ ಹೇಳುತ್ತೇನೆ. ಜೋರು ಮಳೆ ಬರಿನೆಲಕ್ಕೆ ಬಿದ್ದರೆ ಮಣ್ಣಿನ ಮೇಲ್ಭಾಗ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಬಿದ್ದದ್ದೆಲ್ಲ ಹರಿದು ಹೋಗುತ್ತದೆ. ಕಾಡಿನಲ್ಲಿ ಹನಿ ಮೊದಲು ಎಲೆಗೆ ಬೀಳುತ್ತದೆ. ಒಂದಿಷ್ಟು ಅಲ್ಲೇ ನಿಲ್ಲುತ್ತದೆ, ಒಂದಿಷ್ಟು ಕಾಂಡದ ಮೇಲೆ ಇಳಿದು ಬುಡಕ್ಕೆ ಹೋಗುತ್ತದೆ, ಉಳಿದದ್ದು ತರಗೆಲೆಯ ಮೇಲೆ ಬೀಳುತ್ತದೆ. ತರಗೆಲೆಯ ಕೆಳಗೆ ಎರೆಹುಳ, ಇರುವೆ, ಗೆದ್ದಲು ಕೊರೆದ ತೂತುಗಳು, ಹಳೆಯ ಬೇರು ಕೊಳೆತು ಉಳಿದ ಓಣಿಗಳು. ನೀರು ಅವುಗಳೊಳಗೆ ಇಳಿಯುತ್ತದೆ. ನಮಗೆ ಮಳೆಗೆ ಬರ ಇಲ್ಲ. ನಾಲ್ಕು ತಿಂಗಳಲ್ಲಿ ಬಂದದ್ದನ್ನು ಎಂಟು ತಿಂಗಳು ಎಳೆಯುವುದೇ ನಮ್ಮ ಕಷ್ಟ. ಆ ಎಳೆಯುವ ಕೆಲಸವನ್ನು ಇಡೀ ಬಾಣೆ ಮಾಡುತ್ತಿತ್ತು. ಅದಕ್ಕಾಗಿ ಆ ಕಾಡು ಸಾಕಷ್ಟು ನೀರನ್ನು ತಾನೂ ಆವಿ ಮಾಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ದಡದ ಹನ್ನೊಂದು ಮರಕ್ಕಿಂತ ಅದು ಎಷ್ಟೋ ಪಟ್ಟು ದೊಡ್ಡ ಲೆಕ್ಕ. ಆದರೂ ಆ ಕಾಡು ಇದ್ದಾಗ ಕೊಲ್ಲಿ ಜನವರಿಯಲ್ಲಿ ಹರಿಯುತ್ತಿತ್ತು, ಈಗ ಹರಿಯುತ್ತಿಲ್ಲ.

ಆಳಕ್ಕೆ ಬೇರು ಬಿಡುವ ಕೆಲವು ಮರಗಳು ಇನ್ನೊಂದು ಕೆಲಸ ಮಾಡುತ್ತವೆ. ರಾತ್ರಿ ಎಲೆಯ ಬಾಯಿ ಮುಚ್ಚಿದ ಮೇಲೆ, ಕೆಳಗಿನ ಹಸಿ ಮಣ್ಣಿನಿಂದ ಎಳೆದ ನೀರನ್ನು ಮೇಲಿನ ಒಣ ಮಣ್ಣಿಗೆ ತಮ್ಮ ಸಣ್ಣ ಬೇರುಗಳಿಂದ ಬಿಟ್ಟುಕೊಡುತ್ತವೆ. ಪಕ್ಕದ ಸಣ್ಣ ಗಿಡಗಳಿಗೂ ಅದು ಸಿಗುತ್ತದೆ. ನಮ್ಮ ಯಾವ ಯಾವ ಮರ ಎಷ್ಟು ಹೀಗೆ ಮಾಡುತ್ತದೆ ಅಂತ ಅಳೆಯುವ ಕೆಲಸ ನಮ್ಮ ತೋಟಗಳಲ್ಲೇ ಆಗಬೇಕು, ಅದನ್ನು ಕೇಳುವ ಹಕ್ಕು ಪಂಚಾಯಿತಿಗೂ ಇದೆ.

ಮರ ಕಡಿದವರಿಗೆ ಒಂದು ಅನುಕೂಲ ಇದೆ. ಕಡಿದ ವರ್ಷವೇ ಗುಡ್ಡ ಬೀಳುವುದಿಲ್ಲ. ಬುಡದ ಬೇರು ಇನ್ನೂ ಗಟ್ಟಿಯಾಗಿರುತ್ತದೆ, ಮಣ್ಣನ್ನು ಹಿಡಿದುಕೊಂಡೇ ಇರುತ್ತದೆ. ಕೆಲವು ವರ್ಷ ಕಳೆದು ಬೇರು ಕೊಳೆತಾಗ ಹಿಡಿತ ಹೋಗುತ್ತದೆ. ಅಷ್ಟರಲ್ಲಿ ಬಿಲ್ ಪಾಸಾಗಿರುತ್ತದೆ, ಎಂಜಿನಿಯರಿಗೆ ವರ್ಗವಾಗಿರುತ್ತದೆ, ಸದಸ್ಯರ ಅವಧಿ ಮುಗಿದಿರುತ್ತದೆ. ಜರಿದಾಗ ಎಲ್ಲರೂ ಮಳೆಯ ಕಡೆ ಬೆರಳು ತೋರಿಸುತ್ತಾರೆ. 2018ರ ಆಗಸ್ಟ್‌ನ ಗುಡ್ಡ ಕುಸಿತವನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಅಂದರೆ ಸಾಕು. ಮಣ್ಣಿನ ಸಂದುಗಳಲ್ಲಿ ನೀರು ತುಂಬಿ ಕಣ ಕಣವನ್ನು ದೂರ ತಳ್ಳಿದಾಗ ಗುಡ್ಡ ತನ್ನ ಭಾರವನ್ನೇ ಹೊರಲಾರದೆ ಇಳಿಯುತ್ತದೆ. ಅಷ್ಟು ಮಳೆ ಬಂದರೆ ಮರ ಇರುವ ಗುಡ್ಡವೂ ಜರಿಯಬಹುದು, ಜರಿದಿದೆ ಕೂಡ. ಆದರೆ ರಸ್ತೆಗೆ, ಮನೆಗೆ ಅಂತ ಇಳಿಜಾರನ್ನು ಕಡಿದದ್ದು ದೊಡ್ಡ ಕಾರಣ ಅಂತ ಆಗ ಬಂದು ನೋಡಿದ ಭೂವಿಜ್ಞಾನಿಗಳು ಹೇಳಿದರು. ಅಷ್ಟಾದ ಮೇಲೂ ನಾವು ಗುಡ್ಡದ ಬುಡಕ್ಕೇ ಜೆಸಿಬಿ ಹಾಕುತ್ತೇವೆ.

ಆ ರಸ್ತೆಯ ಇನ್ನೊಂದು ಕಥೆ ಇದೆ, ಅದು ನನ್ನ ಪಕ್ಕದ ತೋಟದ್ದು. ರಸ್ತೆಯ ಮೋರಿಯ ಬಾಯಿಯನ್ನು ನೇರ ಅವರ ತೋಟಕ್ಕೆ ಬಿಟ್ಟಿದ್ದಾರೆ. ಬಾಕ್ಸ್ ಚರಂಡಿಯೂ ಇಲ್ಲ, ಕೊಲ್ಲಿಗೆ ಸೇರಿಸುವ ತೋಡೂ ಇಲ್ಲ. ಮಳೆಗಾಲವೆಲ್ಲ ಮೆಣಸಿನ ಬಳ್ಳಿಯ ಬುಡದಲ್ಲಿ ನೀರು ನಿಲ್ಲುತ್ತದೆ. ಬೇರಿಗೂ ಉಸಿರು ಬೇಕು, ಮಣ್ಣಿನ ಸಂದಿನ ಗಾಳಿ ಬೇಕು. ನಿಂತ ನೀರಿನಲ್ಲಿ ಬೇರು ಉಸಿರು ಕಟ್ಟುತ್ತದೆ, ಸೊರಗು ರೋಗ ತರುವ ಫೈಟೋಫ್ಥೋರಾ ಎಂಬ ರೋಗಾಣುವಿಗೆ ದಾರಿಯಾಗುತ್ತದೆ. ಬೇರು, ಬುಡ ಕೊಳೆತ ಮೇಲೆ ಬಳ್ಳಿ ನೀರು ಎಳೆಯಲಾರದು. ಸುತ್ತ ಮಳೆ ಸುರಿಯುತ್ತಿರುವಾಗಲೇ ಎಲೆ ಬಾಡಿ ಜೋತು ಬೀಳುತ್ತದೆ. ನೀರಿನ ನಡುವೆ ನಿಂತು ಬಾಯಾರಿ ಸಾಯುವ ಗಿಡವನ್ನು ನೋಡಬೇಕಿದ್ದರೆ ಅಲ್ಲಿಗೆ ಬನ್ನಿ. ಆ ಅಕ್ಕ ಎರಡು ಸಲ ಪಂಚಾಯಿತಿಗೆ ಅರ್ಜಿ ಕೊಟ್ಟರು. "ಅದು ರೋಗ, ಕಾಫಿ ಬೋರ್ಡಿನವರನ್ನು ಕೇಳಿ" ಅಂದರಂತೆ. ಮೋರಿ ಬಿಟ್ಟದ್ದು ಕಾಫಿ ಬೋರ್ಡ್ ಅಲ್ಲವಲ್ಲ.

ಉದ್ಯೋಗ ಖಾತ್ರಿಯಲ್ಲಿ ಆ ಜರಿದ ಬರೆಯ ಮೇಲ್ಭಾಗದಲ್ಲಿ ಇಂಗುಗುಂಡಿ ತೋಡಿಸುವ ಯೋಜನೆ ಇದೆ ಅಂತ ಕೇಳಿದೆ. ದಯವಿಟ್ಟು ಬೇಡ. ಕಾಫಿ ಸಾಲಿನ ನಡುವೆ, ಹದವಾದ ಇಳಿಜಾರಿನಲ್ಲಿ ತೊಟ್ಟಿಲು ಗುಂಡಿ ಒಳ್ಳೆಯದು, ನಾನೂ ತೋಡಿಸಿದ್ದೇನೆ. ಬುಡ ಕಡಿದ ಕಡಿದಾದ ಬರೆಯ ತಲೆಯ ಮೇಲೆ ನೀರು ನಿಲ್ಲಿಸಿದರೆ ಮೊದಲೇ ಹಿಡಿತ ಹೋದ ಮಣ್ಣಿಗೆ ಇನ್ನಷ್ಟು ಭಾರ, ಇನ್ನಷ್ಟು ಒತ್ತಡ. ಕೆಳಗೆ ತೋಟದ ಕಾರ್ಮಿಕರ ಲೈನ್ ಮನೆಗಳಿವೆ, ಮಕ್ಕಳಿದ್ದಾರೆ.

ಇನ್ನು ನನ್ನ ಬೇಡಿಕೆಗಳು. ಮೊದಲನೆಯದು ಮರಗಳದ್ದು. ಹನ್ನೊಂದರಲ್ಲಿ ಒಂದನ್ನೂ ಮುಟ್ಟಬೇಡಿ. ಒಂದು ನೇರಳೆಯ ರೆಂಬೆ ವಿದ್ಯುತ್ ತಂತಿಗೆ ತಾಗುತ್ತದೆ, ಅದನ್ನು ಮಾತ್ರ ಸವರಿಸಿ, ನಮ್ಮ ತೋಟಗಳಲ್ಲಿ ಮರಗಸಿ ಮಾಡುವವರನ್ನೇ ಕರೆಸಿ. ಹೇಗೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಅನುಮತಿಗೆ ಅರ್ಜಿ ಹೋಗಿದೆಯೇ, ಹೋಗಿದ್ದರೆ ಕಾರಣ ಏನು ಬರೆದಿದ್ದೀರಿ ಎಂಬುದನ್ನು ಊರಿನವರಿಗೆ ತಿಳಿಸಿ.

ಗೋಡೆಗೆ ಇಟ್ಟ ಹಣದಲ್ಲಿ ಕೆರೆಯ ಹೂಳು ತೆಗೆಸಿ. ಮೂಡು ಬದಿಯ ಒರತೆಯ ಜಾಗಕ್ಕೆ ಯಂತ್ರ ಇಳಿಸದೆ, ಅಲ್ಲಿ ಕೈಯಲ್ಲೇ ಕೆಲಸ ಮಾಡಿಸಿ. ದಡ ಕುಸಿಯುವ ಕಡೆ ಕಲ್ಲು ಕಟ್ಟಲೇಬೇಕು ಅಂತಿದ್ದರೆ ಗಾರೆ ಹಾಕದೆ ಒಣಕಲ್ಲು ಕಟ್ಟಿ, ಸಂದಿನಲ್ಲಿ ನೀರು ಬರಲಿ. ಹೊಸದಾಗಿ ಗಿಡ ನೆಡುವ ಮನಸ್ಸಿದ್ದರೆ ಸಿಲ್ವರ್ ಓಕ್ ಬೇಡ. ಸಿಲ್ವರ್ ಬೇಗ ಬೆಳೆಯುತ್ತದೆ, ನೇರ ಹೋಗುತ್ತದೆ, ಮೆಣಸು ಹಬ್ಬಿಸಬಹುದು, ಮಾರುವುದು ಸುಲಭ, ಇದೆಲ್ಲ ತೋಟದವರ ಲೆಕ್ಕ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಊರ ಕೆರೆಗೆ ಊರಿನ ಮರ ಸಾಕು. ಬಸರಿ, ಹೊಂಗೆ, ಹೊಳೆಮತ್ತಿ ನೆಡಿ.

ಮೋಟಾರುಗಳಿಗೆ ಸರದಿ ಮಾಡಿ. ಯಾರಿಗೆ ಎಷ್ಟು ಎಕರೆ, ಯಾವ ವಾರ, ಎಷ್ಟು ಗಂಟೆ ಅಂತ ಜನವರಿಯಲ್ಲೇ ಕೂತು ಬರೆಯೋಣ. ಕೆರೆಯಲ್ಲಿ ಒಂದು ಅಳತೆ ಕಲ್ಲು ನೆಟ್ಟು, ನೀರು ಆ ಗೆರೆಗೆ ಇಳಿದ ಮೇಲೆ ಯಾರೂ ಮೋಟಾರ್ ಹಾಕಬಾರದು ಅಂತ ನಿಯಮ ಆಗಲಿ. ದನಕರು, ಕೆಳಗಿನ ಬಾವಿಗಳು ಆ ಉಳಿದ ನೀರಿನ ಮೇಲೆಯೇ ಇವೆ. ಮೊದಲ ಸಹಿ ನಾನು ಹಾಕುತ್ತೇನೆ. ದೊಡ್ಡ ತೋಟದವರು ಒಪ್ಪುತ್ತಾರೋ ಇಲ್ಲವೋ ಎಂಬುದು ನಿಮ್ಮ ಕೈಯಲ್ಲಿದೆ. ನಾನು ಹೇಳಿದರೆ ಅವರು ಕೇಳುವುದಿಲ್ಲ.

ಮೇಲಿನ ರಸ್ತೆಯ ಮೋರಿಯನ್ನು ಈ ಮಳೆಗಾಲಕ್ಕೆ ಮುಂಚೆ ಕೊಲ್ಲಿಗೆ ಸೇರಿಸಿ. ಇದಕ್ಕೆ ದೊಡ್ಡ ಯೋಜನೆ ಬೇಡ, ಒಂದಿಷ್ಟು ಉದ್ದದ ಚರಂಡಿ ಸಾಕು. ಬಳ್ಳಿ ಕಳೆದುಕೊಂಡವರಿಗೆ ಏನಾದರೂ ಪರಿಹಾರ ಸಿಗುವ ದಾರಿ ಇದ್ದರೆ ಪಂಚಾಯಿತಿಯೇ ಶಿಫಾರಸು ಮಾಡಬೇಕು, ಅವರನ್ನು ಕಚೇರಿಯಿಂದ ಕಚೇರಿಗೆ ಓಡಿಸಬಾರದು. ಕೊಲ್ಲಿಯ ತಲೆಯಲ್ಲಿ ಇನ್ನು ಮುಂದೆ ಯಾರೇ ನೆಲ ಮಟ್ಟ ಮಾಡಲು ಅನುಮತಿ ಕೇಳಿದರೂ, ಕೊಡುವ ಮುಂಚೆ ಒಂದು ಆಗಸ್ಟ್ ತಿಂಗಳಲ್ಲಿ ಆ ಜಾಗಕ್ಕೆ ಹೋಗಿ ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಒಸರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಮಳೆಯಲ್ಲೇ ಕಾಣುವುದು. ಫೆಬ್ರವರಿಯ ಬಿಸಿಲಿನಲ್ಲಿ ಸ್ಥಳ ಪರಿಶೀಲನೆ ಮಾಡಿದರೆ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ.

ನನ್ನ ಲೆಕ್ಕದಲ್ಲಿ ಸಂಶಯ ಇದ್ದರೆ ಎಂಜಿನಿಯರ್ ಅವರೇ ಅಳೆಯಲಿ. ಕೆರೆಯ ವಿಸ್ತೀರ್ಣ, ಮೋಟಾರುಗಳ ಎಚ್‌ಪಿ, ಓಡಿದ ಗಂಟೆ, ಬಾಣೆಯ ಎಕರೆ, ಇವಿಷ್ಟು ಸಿಕ್ಕಿದರೆ ಸಾಕು. ಅವರ ಅಂಕಿ ನನ್ನದಕ್ಕಿಂತ ಬೇರೆ ಬಂದರೆ ಅದನ್ನೇ ಇಟ್ಟುಕೊಂಡು ಮಾತಾಡೋಣ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಮೊದಲನೆಯದಾಗಿ ಹಾಕಿ, ಬೀದಿ ದೀಪ ಆಮೇಲೆ ಬರಲಿ. ಅಲ್ಲಿಯವರೆಗೆ ಟೆಂಡರ್ ಕರೆಯಬೇಡಿ. ನಿಮ್ಮ ಉತ್ತರವನ್ನು ನನಗೆ ಕಳಿಸುವುದಕ್ಕಿಂತ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಹಾಕಿದರೆ ಎಲ್ಲರೂ ಓದಿಕೊಳ್ಳುತ್ತಾರೆ.

ಇಂತಿ,
ಕೆರೆಯ ಕೆಳಗೆ ಗದ್ದೆ, ಮೇಲೆ ನಾಲ್ಕು ಎಕರೆ ಕಾಫಿ ಇರುವ
ನಿಮ್ಮ ಊರಿನ ಒಬ್ಬ ಸಣ್ಣ ಬೆಳೆಗಾರ